ನಾನೂ ಮೂಲನಿವಾಸಿಯೇ!

ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ 2007ರ ಸೆಪ್ಟೆಂಬರ್ 13ರಂದು ಅಂಗೀಕರಿಸಿದಾಗ, ಪರವಾಗಿ ಮತ ಹಾಕಿದ 144 ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಮತದ ಜೊತೆಗೆ ನಮ್ಮವರು ಒಂದು ವಿವರಣೆಯನ್ನೂ ಕೊಟ್ಟರು: ಸ್ವಾತಂತ್ರ್ಯ ಬಂದಾಗ ಈ ದೇಶದಲ್ಲಿದ್ದ ಸಮಸ್ತ ಜನರೂ ಅವರ ಸಂತತಿಯವರೂ ಮೂಲನಿವಾಸಿಗಳೇ ಎಂಬುದು ಭಾರತದ ನಿಲುವು. ಹೀಗೆ, ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಕಾಫಿ ಹೀರುತ್ತ ಕುಳಿತಿರುವ ನಾನು ಯಾವ ಅರ್ಜಿಯನ್ನೂ ಹಾಕದೆ ಮೂಲನಿವಾಸಿಯಾಗಿಬಿಟ್ಟೆ. ನಮ್ಮ ಬಡಾವಣೆ ಮೊದಲು ಕೆರೆಯಂಗಳವಾಗಿದ್ದುದರಿಂದ ಇಲ್ಲಿಯ ಮೂಲನಿವಾಸಿಗಳೆಂದರೆ ಕಪ್ಪೆಗಳು ಎಂದು ಕೆಳಮನೆಯ ಹಿರಿಯರೊಬ್ಬರು ಹೇಳುವುದುಂಟು. ಮಳೆ ಜೋರಾದ ರಾತ್ರಿ ಕಪ್ಪೆಗಳೂ ನೆಲಮಹಡಿಗೆ ಬಂದು ತಮ್ಮ ಅಹವಾಲನ್ನು ಸಲ್ಲಿಸಿ ಹೋಗುತ್ತವೆ.

ಅಂದು ವಿರುದ್ಧವಾಗಿ ಮತ ಹಾಕಿದವರು ನಾಲ್ವರೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಒಪ್ಪಿಕೊಂಡರೆ ಎಲ್ಲಿ ನೆಲವನ್ನು ಹಿಂದಿರುಗಿಸಬೇಕಾಗುತ್ತದೋ ಎಂದು ಪಾಪ, ಅವರು ಹೆದರಿದ್ದರು. ಹೌದೆಂದು ಹೇಳಿಯೂ ಏನನ್ನೂ ಕೊಡದೆ ಇರಬಹುದೆಂಬುದು ಮೆಲ್ಲಗೆ ಮನವರಿಕೆಯಾಗಿರಬೇಕು. 2010 ಮುಗಿಯುವುದರೊಳಗೆ ನಾಲ್ವರೂ ಬೆಂಬಲ ಸೂಚಿಸಿದರು. ಈ ವಿದ್ಯೆಯಲ್ಲಿ ನಾವು ಅವರಿಗಿಂತ ಬಹಳ ಹಳಬರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೇ ಒಡಂಬಡಿಕೆಗೆ ಭಾರತ 1958ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಬುಡಕಟ್ಟು ಜನರನ್ನು ಅವರ ಸಮ್ಮತಿಯಿಲ್ಲದೆ ಒಕ್ಕಲೆಬ್ಬಿಸಕೂಡದು ಎನ್ನುವ ಅದರ 12ನೇ ವಿಧಿ, ದೇಶದ ಭದ್ರತೆ, ಆರ್ಥಿಕ ಅಭಿವೃದ್ಧಿ ಅಥವಾ ಆ ಜನರದೇ ಆರೋಗ್ಯದ ಕಾರಣಕ್ಕಾದರೆ ಎಬ್ಬಿಸಬಹುದು ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಮನೆಯಿಂದ ಹೊರಹಾಕಿ ಆರೋಗ್ಯ ವಿಚಾರಿಸುವ ಇಂಥ ಸೌಜನ್ಯ ಬೇರೆಲ್ಲಿ ಸಿಕ್ಕೀತು? 1989ರಲ್ಲಿ ಇದರ ಬದಲಿಗೆ ಬಂದ 169ನೇ ಒಡಂಬಡಿಕೆಗೆ ನಾವು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಹಳೆಯದು ಗಟ್ಟಿಮುಟ್ಟಾಗಿರುವಾಗ ಹೊಸದರ ಹಂಗೇಕೆ?

ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬ ಗಾದೆಯೊಂದಿದೆ. ಹೊರುವವರು ನಾಗರಹೊಳೆಯಲ್ಲಿದ್ದಾರೆ. ಹುಲಿಗಾಗಿ ಕಾಡು ಬಿಡಿಸಿಕೊಂಡು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದ ಜೇನುಕುರುಬ ಬುಡಕಟ್ಟಿನವರು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನೊಳಗಿನ ತಮ್ಮ ಊರುಗಳಾದ ಹಾಡಿಗಳ ಮೇಲೆ ಹಕ್ಕು ಕೇಳಿದ್ದಾರೆ. ನನ್ನನ್ನು ಮೂಲನಿವಾಸಿ ಮಾಡುವಾಗ ಒಂದು ಚೀಟಿಯನ್ನೂ ಕೇಳದ ಸರ್ಕಾರ, ಇವರಿಂದ ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ಬಯಸುತ್ತದೆ. ನಿಯಮಗಳೇನೋ ಉದಾರವಾಗಿಯೇ ಇವೆ: ಸಮಾಧಿ, ಬಾವಿ, ದೇವರ ತಾಣ, ಹಿರಿಯರ ಹೇಳಿಕೆ ಎಲ್ಲವೂ ಪುರಾವೆಯೇ. ಹಾಡಿಯ ಹಿರಿಯರು ಲಂಟಾನದ ಪೊದೆಯನ್ನು ಕತ್ತಿಯಿಂದ ಸರಿಸಿ, ಒಳಗೆ ಹುಲ್ಲು ಬೆಳೆದ ಮಣ್ಣಿನ ದಿಬ್ಬವನ್ನು ತೋರಿಸಿ, ಇದು ನಮ್ಮಜ್ಜ ಎನ್ನುತ್ತಾರೆ. ಕಡತಕ್ಕೆ ದಿಬ್ಬ ಕಾಣುತ್ತದೆ, ಅಜ್ಜ ಕಾಣುವುದಿಲ್ಲ. ಬದುಕಿದ್ದಾಗ ಒಂದು ಮತದಾರರ ಚೀಟಿ ಮಾಡಿಸಿಕೊಳ್ಳದೆ ಜೇನು ಕೀಳುತ್ತ ಕಾಲ ಕಳೆದ ಆ ಅಜ್ಜನ ಬೇಜವಾಬ್ದಾರಿಗೆ ಕಾಯ್ದೆ ಏನು ಮಾಡೀತು? 2025ರ ಮೇ ತಿಂಗಳಿನಲ್ಲಿ ಕೆಲವು ಕುಟುಂಬಗಳು ತಮ್ಮ ಹಳೆಯ ಹಾಡಿಯಾದ ಕರಡಿಕಲ್ಲು ಅತ್ತೂರುಕೊಲ್ಲಿಗೆ ಹಿಂದಿರುಗಿ ಗುಡಿಸಲು ಕಟ್ಟಲು ಹೊರಟಾಗ, ಅರಣ್ಯ ಇಲಾಖೆ ಮತ್ತು ಪೊಲೀಸರು ಅಲ್ಲಿಗೆ ಧಾವಿಸಿದರು. ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳಾಗಿದ್ದವರು ಕಾಡಿನ ಗೇಟು ದಾಟಿದೊಡನೆ ಅತಿಕ್ರಮಣಕಾರರಾಗುತ್ತಾರೆ. ಇಷ್ಟು ವೇಗದಲ್ಲಿ ಬದಲಾಗುವ ಕಡತ ಬೇರೊಂದಿಲ್ಲ.

ನಮ್ಮ ವಿಷಯ ಹಾಗಲ್ಲ. ನಾನಿರುವ ನಾಲ್ಕನೇ ಮಹಡಿ ಮಂಜೂರಾದ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಆದರೂ ಯಾರೂ ಧಾವಿಸಿ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಅಕ್ರಮ-ಸಕ್ರಮ ಎಂದಾದರೂ ಜಾರಿಯಾದೀತು, ದಂಡ ಕಟ್ಟಿದರಾಯಿತು ಎಂದು ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಪ್ರತಿ ವರ್ಷವೂ ನಿರ್ಣಯವಾಗುತ್ತದೆ. ಅಲ್ಲಿ ಯಾರೂ ಅಜ್ಜನ ಸಮಾಧಿ ಎಲ್ಲಿದೆ ಎಂದು ಕೇಳುವುದಿಲ್ಲ. ಅದು ನನ್ನ ಪುಣ್ಯ. ಕೋಲಾರದ ಕಡೆ ಯಾವುದೋ ತೋಟದ ಅಂಚಿನಲ್ಲಿದೆಯೆಂದು ಅಪ್ಪ ಹೇಳಿದ್ದಷ್ಟೇ ನೆನಪು, ದಾರಿ ನನಗೆ ಗೊತ್ತಿಲ್ಲ.