ನೇಯದ ಬಟ್ಟೆಯ ಲೆಕ್ಕ: ಒಂದು ಸ್ಪಷ್ಟನೆ

ಮಾಸ್ಕ್, ಕೈಚೀಲಗಳಿಗೆ ಬಳಸುವ, ನೇಯದೆಯೇ ತಯಾರಾಗುವ ನಾನ್‌ವೋವನ್ ಬಟ್ಟೆಯಲ್ಲಿ ಎಳೆಗಳು ಮನಬಂದಂತೆ ಬೀಳುವುದರಿಂದ ಅದರ ಸಮತೆಯನ್ನು, ಅಂದರೆ ಎಳೆಗಳು ಎಲ್ಲೆಡೆ ಎಷ್ಟು ಒಂದೇ ಸಮನಾಗಿ ಹರಡಿವೆ ಎಂಬುದನ್ನು, ಯಾವ ಗಣಿತವೂ ಮೊದಲೇ ಹೇಳಲಾರದು ಎಂಬ ಮಾತು ರಬಕವಿ-ಬನಹಟ್ಟಿಯ ನೇಕಾರರ ನಡುವೆ ಹರಿದಾಡುತ್ತಿದೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವ ಜಿಲ್ಲೆಯಲ್ಲಿ ಈ ಅನುಮಾನ ಸಹಜವೇ. ಆದರೆ ತೀರ್ಮಾನ ತಪ್ಪು.

ಸ್ಪನ್‌ಬಾಂಡ್ ಎಂಬ, ಇಂಥ ಬಟ್ಟೆ ತಯಾರಿಸುವ ವಿಧಾನದಲ್ಲಿ ಕರಗಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಸಣ್ಣ ರಂಧ್ರಗಳಿಂದ ಹೊರಬಂದು, ಗಾಳಿಯ ಸೆಳೆತಕ್ಕೆ ತೆಳುವಾಗಿ, ಚಲಿಸುವ ಪಟ್ಟಿಯ ಮೇಲೆ ಸುರುಳಿಯಾಗಿ ಬೀಳುತ್ತದೆ. ಪ್ರಕ್ಷುಬ್ಧ ಗಾಳಿಯಲ್ಲಿ ಸಾವಿರಾರು ಎಳೆಗಳ ಚಲನೆಯನ್ನು ಪೂರ್ತಿಯಾಗಿ ಲೆಕ್ಕ ಹಾಕುವುದು ತೀರಾ ಭಾರವಾದ ಕೆಲಸವಾದ್ದರಿಂದ, ಗಣಿತಜ್ಞರಾದ ಗೋಟ್ಸ್, ಕ್ಲಾರ್, ಮಾರ್‌ಹೈನೆಕೆ ಮತ್ತು ವೆಗೆನರ್ 2007ರಲ್ಲಿ ಸರಳವಾದ ಯಾದೃಚ್ಛಿಕ (ಆಕಸ್ಮಿಕತೆಯನ್ನೂ ಲೆಕ್ಕಕ್ಕೆ ಸೇರಿಸುವ) ಮಾದರಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಎಳೆಯ ಸ್ಥಾನ ಮತ್ತು ದಿಕ್ಕು ಮಾತ್ರ ಇವೆ. ರಂಧ್ರದ ಕೆಳಗಿನ ಬಿಂದುವಿನತ್ತ ಮರಳಿ ಎಳೆಯುವ ಒಲವು ಹಾಗೂ ಬ್ರೌನಿಯನ್ ಚಲನೆಯ ರೂಪದ ಗದ್ದಲ (ಗೊತ್ತುಗುರಿಯಿಲ್ಲದ ಸಣ್ಣ ಅಲುಗಾಟಗಳು) ಸೇರಿ ಆ ದಿಕ್ಕನ್ನು ತಿರುಗಿಸುತ್ತವೆ. ಇದಕ್ಕೆ ಹೊಂದುವ ಫೋಕರ್-ಪ್ಲಾಂಕ್ ಸಮೀಕರಣವು ಎಳೆ ಎಲ್ಲಿರಬಹುದು ಎಂಬುದರ ಸಂಭವನೀಯತೆಯನ್ನು ಕೊಡುತ್ತದೆ.

ಒಂದೊಂದು ಎಳೆ ಎಲ್ಲಿ ಬೀಳುತ್ತದೆ ಎಂದು ಮಾದರಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ; ಸಮತೆಗೆ ಎಳೆಗಳ ಒಟ್ಟಾರೆ ಲೆಕ್ಕವೇ ಸಾಕು. ಎಳೆಗಳು ಪರಸ್ಪರ ಸ್ವತಂತ್ರವಾಗಿ ಬಿದ್ದರೆ, ಸರಾಸರಿ 100 ಎಳೆತುಂಡುಗಳಿರುವ ಚೌಕದಲ್ಲಿ ಆ ಸಂಖ್ಯೆಯ ಏರಿಳಿತ ಸುಮಾರು ಶೇ 10, 400 ಇದ್ದಲ್ಲಿ ಶೇ 5: ಯಾದೃಚ್ಛಿಕತೆಯಿಂದಲೇ ಹುಟ್ಟುವ ಈ ಖಚಿತತೆ ನನಗೆ ಇಡೀ ವಿಷಯದ ಅತ್ಯಂತ ಸುಂದರ ಭಾಗವೆನಿಸುತ್ತದೆ. ಬಟ್ಟೆಯ ಬಲ ಮಾತ್ರ ಬೇರೆ ಪ್ರಶ್ನೆ. ಅದು ಎಳೆಗಳ ಹಾಸಿನ ಜೊತೆಗೆ ಬಿಸಿ ರೋಲರ್‌ಗಳಡಿ ಆಗುವ ಬೆಸುಗೆಯನ್ನೂ ಅವಲಂಬಿಸಿದೆ.