ಮೇಲ್ಮನೆಗೆ ಅರ್ಜಿ ಹಾಕುವ ಹಾಗಿದ್ದರೆ

ವಿಧಾನ ಪರಿಷತ್ತಿಗೆ ನಾಮನಿರ್ದೇಶನದ ಸುದ್ದಿ ಬಂದಾಗೆಲ್ಲ ನಮ್ಮ ಮಂಗಳೂರಿನಲ್ಲಿ ಒಂದೇ ಪ್ರಶ್ನೆ: "ಈ ಸಲ ನಮ್ಮ ಜಿಲ್ಲೆಗೆ ಉಂಟಾ?" ಯಾವ ಜಾತಿ, ಯಾರ ಬಣ, ಯಾರಿಗೆ ಟಿಕೆಟ್ ತಪ್ಪಿತ್ತು, ಎಲ್ಲ ಲೆಕ್ಕ ಹಾಕುತ್ತೇವೆ. ಆ ವ್ಯಕ್ತಿ ಯಾವ ವಿಷಯದಲ್ಲಿ ಪಳಗಿದವರು ಅಂತ ಮಾತ್ರ ಕೇಳುವುದಿಲ್ಲ. ಸಂವಿಧಾನ ಕೇಳಿದ್ದು ಅದನ್ನೇ.

ಪರಿಷತ್ತಿನ 75 ಸ್ಥಾನಗಳಲ್ಲಿ 11 ರಾಜ್ಯಪಾಲರು ನೇಮಿಸುವಂಥವು. 171ನೇ ವಿಧಿ ಹೇಳುವ ಕ್ಷೇತ್ರಗಳು ಐದು: ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆ. ರಾಜ್ಯಸಭೆಗೆ ರಾಷ್ಟ್ರಪತಿ ನೇಮಿಸುವ 12 ಮಂದಿಯ ಪಟ್ಟಿಯಲ್ಲಿ ಸಹಕಾರ ಇಲ್ಲ, ಇಲ್ಲಿ ಉಂಟು. ಇಲ್ಲಿ ಸಹಕಾರ ಚಳವಳಿ ಕಟ್ಟಿದ ಮೊಳಹಳ್ಳಿ ಶಿವರಾಯರ ಜಿಲ್ಲೆಯವರಾದ ನಾವು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಅಡಿಕೆ ಧಾರಣೆ ಬಿದ್ದ ವರ್ಷ ಸಂಘದ ಯಾವ ಸಾಲ ಸುಸ್ತಿಯಾಗುತ್ತದೆ, ಮಹಾಸಭೆಯಲ್ಲಿ ಯಾರು ಯಾಕೆ ಬಾಯಿ ಬಿಡುವುದಿಲ್ಲ ಅಂತ ಬಿಡಿಸಿ ಹೇಳಬಲ್ಲ ಕಾರ್ಯದರ್ಶಿಗಳು ನಮ್ಮ ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಅಂಥವರಿಗೆ ಬೆಂಗಳೂರಿನಿಂದ ಫೋನ್ ಬರುವುದಿಲ್ಲ.

ಯಾಕೆಂದರೆ ರಾಜ್ಯಪಾಲರು ಸಹಿ ಹಾಕುತ್ತಾರೆ ಅಷ್ಟೇ. ಪಟ್ಟಿ ಸರ್ಕಾರದ್ದು, ಅಂದರೆ ಪಕ್ಷದ್ದು.

2019ರ ಡಿಸೆಂಬರ್‌ನಲ್ಲಿ ಹುಣಸೂರು ಉಪಚುನಾವಣೆಯಲ್ಲಿ ಸೋತ ಎ.ಎಚ್. ವಿಶ್ವನಾಥ್ 2020ರ ಜುಲೈಯಲ್ಲಿ ನಾಮನಿರ್ದೇಶನಗೊಂಡರು. ಅವರು ಪುಸ್ತಕ ಬರೆದವರು ಹೌದು. ಆದರೆ ಆಯ್ಕೆಗೆ ಕಾರಣ ಪುಸ್ತಕವಾ? ಅದೇ ಪಟ್ಟಿಯಲ್ಲಿ ಶಾಂತಾರಾಮ ಸಿದ್ದಿಯವರೂ ಇದ್ದರು. ಸಿದ್ದಿ ಸಮುದಾಯದವರೊಬ್ಬರು ಶಾಸಕರಾಗಿದ್ದು ಅದೇ ಮೊದಲು, ನನಗೆ ನಿಜಕ್ಕೂ ಸಂತೋಷವಾಗಿತ್ತು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಸರ್ಕಾರ ಕಳಿಸಿದ ಹೆಸರುಗಳಲ್ಲಿ ಎಂ.ಆರ್. ಸೀತಾರಾಂ ಮತ್ತು ಉಮಾಶ್ರೀ ಇದ್ದರು. ಉಮಾಶ್ರೀಯವರ ನಟನೆ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಇಬ್ಬರೂ ಮಾಜಿ ಮಂತ್ರಿಗಳು! ಹಾಗಾಗಿ ಇದರಲ್ಲಿ ನಿಮ್ಮ ಪಕ್ಷ ನಮ್ಮ ಪಕ್ಷ ಅಂತ ಜಗಳ ಬೇಡ ಮಾರಾಯ್ರೆ.

ಚುನಾವಣೆ ನಡೆಯುವ ಸ್ಥಾನಗಳಲ್ಲೂ ಕಥೆ ಇದೇ. ಪದವೀಧರ ಕ್ಷೇತ್ರದ ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಅಧಿಕಾರಿ ಕೊಟ್ಟ ನೇರಳೆ ಬಣ್ಣದ ಪೆನ್ನಿನಲ್ಲಿ ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಆದರೆ ಮತಗಟ್ಟೆಯ ಹೊರಗೆ ಶಾಮಿಯಾನ ಹಾಕಿ ಕೂತವರು ಯಾರು ಅಂತ ಓಟು ಹಾಕಿದವರಿಗೆಲ್ಲ ಗೊತ್ತು. ಇರಲಿ, ಚುನಾವಣೆ ಅಂದಮೇಲೆ ಪಕ್ಷ ಬಂದೇ ಬರುತ್ತದೆ. ನನ್ನ ತಕರಾರು ಆ 11ರ ಬಗ್ಗೆ ಮಾತ್ರ.

ಕೆನಡಾದಲ್ಲೂ ಹೀಗೇ ಇತ್ತು. ಅಲ್ಲಿನ ಮೇಲ್ಮನೆ ಸೆನೆಟ್‌ನ 105 ಸ್ಥಾನಗಳೂ ನೇಮಕದವು, ಒಮ್ಮೆ ಕೂತರೆ 75 ವರ್ಷ ವಯಸ್ಸಿನವರೆಗೆ ಏಳಿಸುವ ಹಾಗಿಲ್ಲ. ಪ್ರಧಾನಿಗಳು ತಮ್ಮವರನ್ನೇ ತುಂಬುತ್ತಿದ್ದರು. 2014ರ ಜನವರಿಯಲ್ಲಿ ಜಸ್ಟಿನ್ ಟ್ರುಡೊ, ಆಗಿನ್ನೂ ವಿರೋಧ ಪಕ್ಷದಲ್ಲಿದ್ದಾಗಲೇ, ತಮ್ಮ ಲಿಬರಲ್ ಪಕ್ಷದ 32 ಸೆನೆಟರ್‌ಗಳನ್ನು ಸಂಸದೀಯ ಗುಂಪಿನಿಂದ ಹೊರಗಿಟ್ಟರು. ಪ್ರಧಾನಿಯಾದ ಮೇಲೆ, 2016ರಲ್ಲಿ, ಹೆಸರು ಸೂಚಿಸಲು ಪ್ರತ್ಯೇಕ ಸಲಹಾ ಮಂಡಳಿ ಮಾಡಿದರು. ಈಗ ಸೆನೆಟರ್ ಆಗಬೇಕೆನ್ನುವವರು ಅರ್ಜಿ ಹಾಕಬಹುದು. ಮಂಡಳಿ ಕೆಲವು ಹೆಸರು ಕಳಿಸುತ್ತದೆ, ಕೊನೆಯ ಆಯ್ಕೆ ಪ್ರಧಾನಿಯದ್ದು. ಇದಕ್ಕೆ ಅವರು ಸಂವಿಧಾನ ತಿದ್ದಲಿಲ್ಲ.

ಪರಿಣಾಮ ಬೇಗ ಕಂಡಿತು. ಅದೇ ವರ್ಷ ದಯಾಮರಣದ ಮಸೂದೆ ಬಂದಾಗ ಸೆನೆಟ್ ಅದನ್ನು ತಿದ್ದಿ ಕಳಿಸಿತು. ಕೆಳಮನೆ ಮುಖ್ಯ ತಿದ್ದುಪಡಿಯನ್ನು ಒಪ್ಪಲಿಲ್ಲ, ಕೊನೆಗೆ ಸೆನೆಟ್ ಮಣಿಯಿತು. ಮೇಲ್ಮನೆ ಮಾಡಬೇಕಾದ್ದು ಇಷ್ಟೇ ಅಲ್ವಾ? ತಡೆದು ಯೋಚಿಸಲು ಹೇಳುವುದು, ಗೆದ್ದು ಬಂದವರ ಮಾತು ಕೊನೆಗೆ ನಡೆಯಲು ಬಿಡುವುದು.

ಟೊರಾಂಟೊದಲ್ಲಿರುವ ನನ್ನ ಚಿಕ್ಕಮ್ಮನ ಮಗ ಇದನ್ನು ಕೇಳಿ ನಕ್ಕ. "ಅಣ್ಣಾ, ಮಂಡಳಿಯನ್ನು ನೇಮಿಸುವುದೂ ಸರ್ಕಾರವೇ. ಬಂದವರಲ್ಲಿ ಜಾಸ್ತಿ ಜನ ಲಿಬರಲ್ ಯೋಚನೆಯವರೇ ಅಂತ ಇಲ್ಲೂ ದೂರು ಉಂಟು" ಅಂದ. ಸರಿಯಾದ ಮಾತೇ. ಆದರೆ ಪಕ್ಷದ ಕಡೆ ಒಲವಿರುವವರು ಬೇರೆ, ಪಕ್ಷದ ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಅಪ್ಪಣೆ, ಬಂದ ಕೂಡಲೇ ಕೈ ಎತ್ತಬೇಕಾದವರು ಬೇರೆ. ಮೊದಲನೆಯವರ ಜೊತೆ ವಾದ ಮಾಡಬಹುದು.

ನಮ್ಮಲ್ಲಿ ಇನ್ನೊಂದು ಕಿಂಡಿ ಉಂಟು. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ತಡೆಯುವ ನಿಯಮದ ಪ್ರಕಾರ ನಾಮನಿರ್ದೇಶಿತ ಸದಸ್ಯರು ಸದನಕ್ಕೆ ಬಂದ ಆರು ತಿಂಗಳೊಳಗೆ ಯಾವುದಾದರೂ ಪಕ್ಷ ಸೇರಬಹುದು. ಆಮೇಲೆ ಸೇರಿದರೆ ಸ್ಥಾನ ಹೋಗುತ್ತದೆ. ತಜ್ಞರಾಗಿ ಬಂದವರಿಗೆ ಆ ಆರು ತಿಂಗಳು ಎಂತಕ್ಕೆ? ಅದನ್ನು ಮುಚ್ಚಲು ಸಂಸತ್ತೇ ಬೇಕು, ಸದ್ಯಕ್ಕೆ ಆಗುವ ಮಾತಲ್ಲ.

ಆದರೆ ಅರ್ಜಿ ಕರೆಯಲು ಸಂಸತ್ತು ಬೇಡ. ಸಂಪುಟ ಮನಸ್ಸು ಮಾಡಿದರೆ ಸಾಕು. ನಿವೃತ್ತ ನ್ಯಾಯಮೂರ್ತಿ, ಒಬ್ಬ ಕುಲಪತಿ, ಸಹಕಾರ ಕ್ಷೇತ್ರದ ಒಬ್ಬರು ಕೂತು ಹೆಸರು ಆರಿಸಲಿ. ಕಳೆದ ಐದು ವರ್ಷದಲ್ಲಿ ಚುನಾವಣೆಗೆ ನಿಂತವರು, ಪಕ್ಷದ ಹುದ್ದೆಯಲ್ಲಿದ್ದವರು ಬೇಡ. ಒಂದು ಸ್ಥಾನಕ್ಕೆ ಮೂರು ಹೆಸರು ಬರಲಿ, ಆ ಮೂರನ್ನೂ ಪತ್ರಿಕೆಯಲ್ಲಿ ಹಾಕಲಿ. ಆಮೇಲೆ ಮುಖ್ಯಮಂತ್ರಿಗಳು ಯಾರನ್ನು ಬೇಕಾದರೂ ಆರಿಸಲಿ, ಮೂರನ್ನೂ ಬಿಟ್ಟು ನಾಲ್ಕನೆಯವರನ್ನೇ ಕಳಿಸಲಿ. ಬಿಟ್ಟ ಹೆಸರುಗಳಲ್ಲಿ ಪುತ್ತೂರಿನ ಒಬ್ಬ ಸಂಘದ ಕಾರ್ಯದರ್ಶಿಯೋ ಮಲ್ಪೆಯ ಒಬ್ಬ ಮೀನುಗಾರ ಮಹಿಳೆಯೋ ಇದ್ದರೆ, ಯಾಕೆ ಬಿಟ್ಟಿರಿ ಅಂತ ಅವರ ಹೆಸರು ಹಿಡಿದೇ ಕೇಳಬಹುದು.