ಋಷಿಮೂಲ, ನದಿಮೂಲ, ಚಡ್ಡಿಮೂಲ

ನಾನು ಮೂಲರೂಪದ ಕಟ್ಟಾ ಅಭಿಮಾನಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಲಾವಿದರು ಅನ್ನಿಸಿಕೊಂಡವರು ಸೂಪರ್‌ಹೀರೋಗಳನ್ನು ಈಚೆಗೆ ನಡೆಸಿಕೊಳ್ಳುತ್ತಿರುವ ರೀತಿ ನೋಡಿದರೆ, ಹೇಳುವವರು ಕೇಳುವವರು ಒಬ್ಬರಾದರೂ ಬೇಕಲ್ಲ ಅನ್ನಿಸುತ್ತದೆ. ಆ ಒಬ್ಬರು ನಾನೇ ಎಂದು, ಯಾರೂ ಕೇಳಿಕೊಳ್ಳದಿದ್ದರೂ, ತೀರ್ಮಾನಿಸಿದ್ದೇನೆ.

ನನ್ನ ತಾಳ್ಮೆ ಕೆಟ್ಟದ್ದು ಹಲ್ಕ್‌ನಿಂದ. ಫ್ರಾನ್ಸಿನ ಛಾಯಾಗ್ರಾಹಕ ಸಾಶಾ ಗೋಲ್ಡ್‌ಬರ್ಜರ್ ಸೂಪರ್‌ಹೀರೋಗಳನ್ನೆಲ್ಲ ಹಿಡಿದು ತಂದು, ಹಳೆಯ ಫ್ಲೆಮಿಶ್ ವರ್ಣಚಿತ್ರಗಳ ಶ್ರೀಮಂತರಂತೆ ಸಿಂಗರಿಸಿ, ಅದೇ ಮಬ್ಬು ಬೆಳಕಿನಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದಾರೆ. ಕೊರಳಿಗೆ ತಟ್ಟೆಯಷ್ಟು ಅಗಲದ ನಿರಿಗೆಪಟ್ಟಿ. ಸಿಟ್ಟು ಬಂದಾಗಲೆಲ್ಲ ಅಂಗಿ ಹರಿದುಕೊಳ್ಳುವುದೇ ಕಸುಬಾಗಿರುವ ಹಲ್ಕ್ ಇಲ್ಲಿ ನಿರಿಗೆ ಕೆಟ್ಟೀತು ಎಂದು ಕತ್ತನ್ನು ನೆಟ್ಟಗಿಟ್ಟುಕೊಂಡು, ಸ್ಟುಡಿಯೋದಲ್ಲಿ ‘ರೆಪ್ಪೆ ಬಡಿಯಬೇಡಿ’ ಅನ್ನಿಸಿಕೊಂಡವನ ಹಾಗೆ ನಿಂತಿದ್ದಾನೆ. ಇದು ಒಬ್ಬರ ಕತೆಯಾಯಿತು. ಇನ್ನೊಬ್ಬರು ಬ್ಯಾಟ್‌ಮ್ಯಾನ್‌ನನ್ನು ಚರ್ಚಿನ ಬಣ್ಣದ ಗಾಜಿನಲ್ಲಿ ಕೂರಿಸುತ್ತಾರೆ, ಮತ್ತೊಬ್ಬರು ವಂಡರ್ ವುಮನ್‌ಳನ್ನು ಜಪಾನಿನ ಮರದಚ್ಚಿಗೆ ಇಳಿಸುತ್ತಾರೆ. ಮುಖವನ್ನು ತುಂಡು ತುಂಡಾಗಿಸಿ ಜೋಡಿಸುವ ಕ್ಯೂಬಿಸಂ ಶೈಲಿಯ ಸ್ಪೈಡರ್‌ಮ್ಯಾನ್ ಒಬ್ಬನ ಮುಖದಲ್ಲಿ ಮೂಗು ಎಲ್ಲಿದೆ ಎಂದು ಬಹಳ ಹೊತ್ತು ಹುಡುಕಿದೆ. ಅವನ ಮುಖವಾಡಕ್ಕೆ ಮೂಗು ಯಾವತ್ತೂ ಇರಲಿಲ್ಲ ಎಂದು ಆಮೇಲೆ ಹೊಳೆಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ದೂರು ಕೊಡಲು ನಿರ್ಧರಿಸಿದೆ. ‘ಮೂಲರೂಪಕ್ಕೆ ಧಕ್ಕೆ’ ಎಂದು ದೂರುವವನು ಮೂಲರೂಪದ ಒಂದು ಪ್ರತಿಯನ್ನಾದರೂ ಲಗತ್ತಿಸಬೇಕಲ್ಲ? ಋಷಿಮೂಲ, ನದಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಚಡ್ಡಿಮೂಲದ ಬಗ್ಗೆ ಏನೂ ಹೇಳಿರಲಿಲ್ಲವಾದ್ದರಿಂದ ಧೈರ್ಯವಾಗಿ ಹೊರಟೆ.

ಮೊದಲು ಹಲ್ಕ್. 1962ರ ಅವನ ಕಾಮಿಕ್ಸಿನ ಮೊದಲ ಸಂಚಿಕೆ ತೆರೆದರೆ ಅವನು ಬೂದು ಬಣ್ಣದವನು! ಆ ಕಾಲದ ಅಗ್ಗದ ಅಚ್ಚಿನಲ್ಲಿ ಬೂದು ಬಣ್ಣ ಒಂದೇ ಸಮ ಕೂರುತ್ತಿರಲಿಲ್ಲವಂತೆ. ಒಂದು ಪುಟದಲ್ಲಿ ಬೂದಿ, ಇನ್ನೊಂದರಲ್ಲಿ ಕಪ್ಪು. ಬೇಸತ್ತು ಎರಡನೇ ಸಂಚಿಕೆಯಿಂದ ಹಸಿರು ಬಳಿದರು. ಆ ಹಸಿರು, ಕತೆಯಲ್ಲಿ ಅವನನ್ನು ಹಲ್ಕ್ ಮಾಡಿದ ಗಾಮಾ ಕಿರಣದ ಮಹಿಮೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ನೋಡಿದರೆ ಪ್ರೆಸ್ಸಿನವರ ಮಹಿಮೆ. ಮರುವರ್ಷದ ಐರನ್ ಮ್ಯಾನ್ ಕೂಡ ಬೂದು ಕವಚದಲ್ಲೇ ಹುಟ್ಟಿ, ಮುಂದಿನ ಕತೆಯ ಹೊತ್ತಿಗೆ ಚಿನ್ನದ ಬಣ್ಣಕ್ಕೆ ತಿರುಗಿದ. ಹೋಗಲಿ ಬಿಡಿ ಎಂದು ಬ್ಯಾಟ್‌ಮ್ಯಾನ್ ಕಡೆ ಹೋದೆ. ಕತ್ತಲೆಯ ಮನುಷ್ಯ, ಬಣ್ಣದ ಗೊಡವೆಗೆ ಹೋಗುವವನಲ್ಲ ಅಂದುಕೊಂಡಿದ್ದೆ. 1939ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಮಹಾರಾಯ ನೇರಳೆ ಕೈಚೀಲ, ಅಲ್ಲ, ನೇರಳೆ ಕೈಗವಸು ತೊಟ್ಟಿದ್ದ. (ಗಾಬರಿಯಲ್ಲಿ ಬರೆದದ್ದು, ಹಾಗೇ ಇರಲಿ.) ಚಿತ್ರಕಾರ ಬಾಬ್ ಕೇನ್ ಬರೆದ ಮೊದಲ ಕರಡಿನಲ್ಲಂತೂ ಕೆಂಪು ಬಟ್ಟೆ, ಬೆನ್ನಿಗೆ ಮರದ ಹಲಗೆಯಂತಹ ಸೆಟೆದ ರೆಕ್ಕೆ. ರೆಕ್ಕೆ ತೆಗೆದು ಮೇಲಂಗಿ ಹಾಕು, ಕಿವಿಯಿರುವ ಮುಸುಕು ಹಾಕು ಎಂದವರು ಕತೆಗಾರ ಬಿಲ್ ಫಿಂಗರ್. ಅವರು 1974ರಲ್ಲಿ ತೀರಿಕೊಂಡರು. ‘ಇವರೂ ಸೇರಿ ಸೃಷ್ಟಿಸಿದ್ದು’ ಎಂದು ಡಿಸಿ ಎಂಬ ಕಾಮಿಕ್ಸ್ ಕಂಪನಿ ಅಧಿಕೃತವಾಗಿ ಅಚ್ಚು ಹಾಕಿದ್ದು 2015ರಲ್ಲಿ. ಬ್ಯಾಟ್‌ಮ್ಯಾನ್ ಪತ್ತೇದಾರನೆಂದು ಹೆಸರಾದವನು. ತನ್ನನ್ನು ಹುಟ್ಟಿಸಿದವರಲ್ಲಿ ಒಬ್ಬರ ಹೆಸರು ಪತ್ತೆ ಮಾಡಲು ಅವನಿಗೆ 76 ವರ್ಷ ಬೇಕಾಯಿತು.

ಇನ್ನು ಸೂಪರ್‌ಮ್ಯಾನ್. ಎಲ್ಲಕ್ಕಿಂತ ಗಟ್ಟಿ ಮೂಲ ಇವನದೇ: 1938, ಹುಟ್ಟಿಸಿದವರು ಜೆರಿ ಸೀಗಲ್ ಮತ್ತು ಜೋ ಶುಸ್ಟರ್. ತೆರೆದು ನೋಡಿದೆ. ಆಸಾಮಿಗೆ ಹಾರಲು ಬರುವುದಿಲ್ಲ! ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸರಿಯಾಗಿ ಒಂದು ಫರ್ಲಾಂಗು. ಲೋಕ ಉಳಿಸಲು ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಹೋಗುತ್ತಿದ್ದ. ಹಾರುವುದನ್ನು ಕಲಿತದ್ದು ಆಮೇಲೆ.

ಇನ್ನು ಪ್ಯಾಂಟಿನ ಮೇಲಿನ ಆ ಕೆಂಪು ಚಡ್ಡಿ. ಇದು ಆಗಿನ ಸರ್ಕಸ್ ಪೈಲ್ವಾನರ ಉಡುಪಿನಿಂದ ಬಂದದ್ದು. 2011ರಲ್ಲಿ ಡಿಸಿ ಕಂಪನಿಯವರು ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತೇವೆಂದು ಹೊರಟು ಚಡ್ಡಿಯನ್ನು ತೆಗೆದೇ ಹಾಕಿದರು. ಒಂದು ಮಾಲಿಕೆಯಲ್ಲಿ ಜೀನ್ಸ್ ಪ್ಯಾಂಟು, ಟೀ ಶರ್ಟಿನಲ್ಲೇ ಓಡಾಡಿಸಿದರು. ಅಭಿಮಾನಿಗಳು ಹೊಟ್ಟೆ ಹೊಟ್ಟೆ ಬಡಿದುಕೊಂಡರು. ದಶಕಗಳಿಂದ ಇದೇ ಚಡ್ಡಿಯನ್ನು ನೋಡಿ ನಗುತ್ತಿದ್ದ ಲೋಕ, ಅದು ಕಾಣೆಯಾದ ಮೇಲೆ ಅದರಲ್ಲೊಂದು ಗಾಂಭೀರ್ಯವಿತ್ತೆಂದು ಕಂಡುಕೊಂಡಿತು. ಕೊನೆಗೆ 2018ರಲ್ಲಿ, ಅದೂ ಸಾವಿರನೆಯ ಸಂಚಿಕೆಯ ಶುಭ ಸಂದರ್ಭದಲ್ಲಿ, ಚಡ್ಡಿ ಮರಳಿ ಬಂತು. ಹದಿನಾಲ್ಕು ವರ್ಷ ವನವಾಸ ಮಾಡಿದವರಿಗೆ ಸಿಕ್ಕ ಸ್ವಾಗತ ಇದಕ್ಕೆ ಏಳೇ ವರ್ಷಕ್ಕೆ ಸಿಕ್ಕಿತು.

ಇಷ್ಟಾದ ಮೇಲೂ ನಾನು ಸೋಲಲಿಲ್ಲ. ಮೂಲರೂಪ ಎಂದರೆ ನನಗೆ ಹತ್ತು ವರ್ಷವಾಗಿದ್ದಾಗ ಇದ್ದ ರೂಪ ಎಂದು ಕಾನೂನಾಗಬೇಕು ಅಷ್ಟೆ. ನನ್ನ ಪಕ್ಕದವನ ಹತ್ತನೇ ವಯಸ್ಸು ಬೇರೆ ಇಸವಿಯಲ್ಲಿ ಬಂದಿದ್ದರೆ ಅದು ಅವನ ಪ್ರಾರಬ್ಧ.

ಆದರೆ ಅರ್ಜಿ ಯಾರಿಗೆ ಬರೆಯುವುದು? ಮಾಲೀಕರಿಗೆ, ಅಂದರೆ ಡಿಸಿ, ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಗಳಿಗೆ, ಬರೆಯೋಣವೆಂದರೆ ಮಾಲೀಕರೇ ಎಲ್ಲರಿಗಿಂತ ಮೊದಲ ಆರೋಪಿಗಳು. 1989ರಲ್ಲಿ ಬ್ಯಾಟ್‌ಮ್ಯಾನ್‌ನನ್ನು ನೂರು ವರ್ಷ ಹಿಂದಕ್ಕೆ ಒಯ್ದು ಗ್ಯಾಸ್ ದೀಪದ ಬೀದಿಗಳಲ್ಲಿ ಕೊಲೆಗಾರನ ಹಿಂದೆ ಅಲೆಸಿದವರು ಅವರೇ. 2003ರಲ್ಲಿ ಸೂಪರ್‌ಮ್ಯಾನ್‌ನ ರಾಕೆಟ್ಟನ್ನು ಅಮೆರಿಕದ ಹೊಲದ ಬದಲು ಸೋವಿಯತ್ ನೆಲದಲ್ಲಿ ಇಳಿಸಿ, ಎದೆಯ ಮೇಲೆ ಕುಡುಗೋಲು ಸುತ್ತಿಗೆ ಬರೆದವರೂ ಅವರೇ. 2004ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಪಂಚೆ ಉಡಿಸಿ ಮುಂಬೈಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರಿಸಿದ್ದೂ ಆ ಪೈಕಿ ಮಾರ್ವೆಲ್ ಕಂಪನಿಯ ಒಪ್ಪಿಗೆಯಿಂದಲೇ. ಮಾಲೀಕ ಬಟ್ಟೆ ಬದಲಿಸಿದರೆ ಅವತಾರ, ಕಲಾವಿದ ಬದಲಿಸಿದರೆ ಅಪಚಾರ. ಮಾಲೀಕರ ಅವತಾರಕ್ಕೆ ಸ್ಪೈಡರ್‌ಮ್ಯಾನ್‌ನ ಆರು ರೂಪಗಳನ್ನು ಆರು ಶೈಲಿಯಲ್ಲಿ ಕುಣಿಸಿದ 2018ರ ಚಿತ್ರದಂತೆ ಆಸ್ಕರ್ ಬರಲೂಬಹುದು. ಕಲಾವಿದನಿಗೆ ಬರುವುದು ವಕೀಲರ ನೋಟಿಸು.

ಈ ಮಾಲೀಕರ ಹಕ್ಕಿನ ವ್ಯಾಪ್ತಿ ಸಣ್ಣದೇನಲ್ಲ. ಡಿಸಿ ಮತ್ತು ಮಾರ್ವೆಲ್ ಒಂದರ ಮುಖ ಒಂದಕ್ಕಾಗದ ಕಂಪನಿಗಳು. ಆದರೂ ‘ಸೂಪರ್ ಹೀರೋ’ ಎಂಬ ಪದವನ್ನೇ ಅಮೆರಿಕದಲ್ಲಿ ದಶಕಗಳ ಕಾಲ ಜಂಟಿ ಖಾತೆಯ ಜಮೀನಿನಂತೆ ಟ್ರೇಡ್‌ಮಾರ್ಕ್ ಮಾಡಿಸಿ ಇಟ್ಟುಕೊಂಡಿದ್ದವು. ಶಿಶುಗಳ ಸಾಹಸದ ಕಾಮಿಕ್ಸ್ ಮಾಡುವ ಒಂದು ಸಣ್ಣ ಸಂಸ್ಥೆ ಇದನ್ನು ಪ್ರಶ್ನಿಸಿತು. ಎರಡೂ ದೊಡ್ಡ ಮನೆಗಳು ಗಡುವಿನೊಳಗೆ ಉತ್ತರವನ್ನೇ ಕೊಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಟ್ರೇಡ್‌ಮಾರ್ಕ್ ಮಂಡಳಿ ನೋಂದಣಿಯನ್ನು ರದ್ದು ಮಾಡಿತು. ಬಾಂಬು ಸಿಡಿಯಲು ಒಂದು ಸೆಕೆಂಡ್ ಇರುವಾಗ ಬಂದು ತಂತಿ ಕತ್ತರಿಸುವವರ ಇಡೀ ಸೈನ್ಯವೇ ಮನೆಯಲ್ಲಿದ್ದೂ, ಅಂಚೆಗೆ ಸಕಾಲಕ್ಕೆ ಉತ್ತರ ಹಾಕಲು ಒಬ್ಬ ಗುಮಾಸ್ತ ಗತಿಯಿರಲಿಲ್ಲ.

ಹಕ್ಕು ಅಂದಾಗ ಒಂದು ಚೆಕ್ಕು ನೆನಪಾಗುತ್ತದೆ. ಸೀಗಲ್ ಮತ್ತು ಶುಸ್ಟರ್ ಸೂಪರ್‌ಮ್ಯಾನ್‌ನ ಸಕಲ ಹಕ್ಕನ್ನೂ ಬರೆದುಕೊಟ್ಟದ್ದು 130 ಡಾಲರಿಗೆ. ಆ ಮೊತ್ತ ಸೇರಿದ್ದ ಚೆಕ್ಕಿನಲ್ಲಿ ಇಬ್ಬರ ಹೆಸರೂ ತಪ್ಪಾಗಿತ್ತು. 2012ರಲ್ಲಿ ಅದೇ ಚೆಕ್ಕು ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಹೀರೋನನ್ನು ಹುಟ್ಟಿಸಿದ್ದಕ್ಕಿಂತ, ಹುಟ್ಟಿಸಿದವರ ಹೆಸರು ತಪ್ಪಾಗಿ ಬರೆದ ಕಾಗದಕ್ಕೇ ಬೆಲೆ ಹೆಚ್ಚು.

ಕಲಾವಿದರನ್ನು ನಾನು ಇದರಿಂದ ಬಿಟ್ಟುಬಿಟ್ಟೆ ಎಂದಲ್ಲ. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್‌ಹೋಲ್ 1961ರಲ್ಲೇ ಸೂಪರ್‌ಮ್ಯಾನ್ ಚಿತ್ರ ಬರೆದು ನ್ಯೂಯಾರ್ಕಿನ ಅಂಗಡಿಯೊಂದರ ಕಿಟಕಿಯಲ್ಲಿ, ಫ್ರಾಕು ತೊಟ್ಟ ಗೊಂಬೆಗಳ ಹಿಂದೆ ನಿಲ್ಲಿಸಿದ್ದರು. ಆಗ ಅದರಲ್ಲೊಂದು ತುಂಟತನವಿತ್ತು. ಈಗ ‘ಹೀಗಿದ್ದಿದ್ದರೆ?’ ಎಂಬ ಒಂದೇ ಅಡಿಬರಹ, ಅದೇ ಹತ್ತು ಹನ್ನೆರಡು ಮುಖ. ಕಂಪ್ಯೂಟರಿಗೆ ಒಂದು ಸಾಲು ಹೇಳಿದರೆ ಅದೂ ನಿಮಿಷದಲ್ಲಿ ಬ್ಯಾಟ್‌ಮ್ಯಾನ್‌ನನ್ನು ಹಳೆಯ ಯುರೋಪಿನ ಆಡಂಬರದ ಬರೊಕ್ ಶೈಲಿಗೆ ಇಳಿಸಿ, ಕೈಗೆ ಒಂದು ಬೆರಳು ಹೆಚ್ಚಿಗೆ ಕೊಟ್ಟು ಕಳಿಸುತ್ತದೆ. ಗೋಲ್ಡ್‌ಬರ್ಜರ್ ಆದರೂ ನಿಜವಾದ ಮನುಷ್ಯರ ಕೊರಳಿಗೆ ನಿಜವಾದ ಪಟ್ಟಿ ತೊಡಿಸಿದರು, ಅಷ್ಟು ನಿಯತ್ತು ಒಪ್ಪಬೇಕು.

ಇರಲಿ, ಅರ್ಜಿ ಬರೆದಿದ್ದೇನೆ. ಮೂಲದ ವಿಷಯದಲ್ಲಿ ರಾಜಿಯಿಲ್ಲವಾದ್ದರಿಂದ ಮೊದಲ ಸಂಚಿಕೆಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅದರಂತೆ, ಸೂಪರ್‌ಮ್ಯಾನ್ ಹಾರುವುದನ್ನು ಈ ಕೂಡಲೇ ನಿಲ್ಲಿಸತಕ್ಕದ್ದು, ಒಂದು ನೆಗೆತಕ್ಕೆ ಒಂದು ಫರ್ಲಾಂಗು ಮೀರತಕ್ಕದ್ದಲ್ಲ. (2034ರಲ್ಲಿ ಅಮೆರಿಕದಲ್ಲಿ ಕಾಪಿರೈಟಿನಿಂದ ಬಿಡುಗಡೆಯಾಗಿ ಎಲ್ಲರ ಸ್ವತ್ತಾಗುವವನೂ ಈ ಕುಪ್ಪಳಿಸುವ ಸೂಪರ್‌ಮ್ಯಾನೇ, ಆದ್ದರಿಂದ ಈಗಲೇ ಅಭ್ಯಾಸವಾಗುವುದು ಒಳ್ಳೆಯದು.) ಬ್ಯಾಟ್‌ಮ್ಯಾನ್ ನೇರಳೆ ಕೈಗವಸನ್ನು ಹುಡುಕಿ ತೊಡತಕ್ಕದ್ದು. ಹಲ್ಕ್ ಬೂದು ಬಣ್ಣಕ್ಕೆ ಮರಳತಕ್ಕದ್ದು, ಪುಟದಿಂದ ಪುಟಕ್ಕೆ ಬೇರೆ ಬೇರೆ ಬೂದು.

ನಿರಿಗೆಪಟ್ಟಿಯ ಬಗ್ಗೆ ಆಕ್ಷೇಪಣೆಯನ್ನು ಹೊಡೆದುಹಾಕಿದ್ದೇನೆ. ಬೂದು ಕೊರಳಿಗೆ ಬಿಳಿ ಪಟ್ಟಿ ಚೆನ್ನಾಗಿಯೇ ಒಪ್ಪುತ್ತದೆ.